ಲೆಕ್ಕಕ್ಕೆ ಸಿಗದ ಕಾಯಿಲೆ

ನನ್ನ ಸೋದರಮಾವನ ಬಳಿ ಒಂದು ಹಳೆಯ ಪ್ಲಾಸ್ಟಿಕ್ ಕವರು ಉಂಟು. ಕುವೈತಿನ ಯಾವುದೋ ಬಟ್ಟೆ ಅಂಗಡಿಯದು. ಮೇಲಿನ ಅರಬ್ಬಿ ಅಕ್ಷರಗಳು ಮಾಸಿ ಹೋಗಿವೆ. ಅದರೊಳಗೆ ಮಾವನ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ವೈದ್ಯಕೀಯ ಕಾಗದಗಳಿವೆ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಎಕ್ಸ್‌ರೇ, ಇಸಿಜಿ, ಒಂದು ಸಲ ತಲೆಯ ಸ್ಕ್ಯಾನ್. ಮಂಗಳೂರಿನವೂ ಉಂಟು, ಕಣ್ಣೂರಿನವೂ ಉಂಟು. ಬೇರೆ ಬೇರೆ ಊರು, ಬೇರೆ ಬೇರೆ ಕೈಬರಹ. ಆದರೆ ಕೊನೆಯ ಸಾಲಿನಲ್ಲಿ ಎಲ್ಲ ವೈದ್ಯರದೂ ಒಂದೇ ಮಾತು: ನಾರ್ಮಲ್.

ಮಾವ ಕುವೈತಿಗೆ ಹೋದದ್ದು 1986ರಲ್ಲಿ, ಲಾರಿ ಡ್ರೈವರಾಗಿ. ನಮ್ಮ ಕುಂಬಳೆ, ಮಂಜೇಶ್ವರ, ಉಪ್ಪಳದ ಕಡೆ ಆ ಕಾಲದಲ್ಲಿ ಮನೆಗೊಬ್ಬರು ಎಂಬಂತೆ ಗಲ್ಫಿಗೆ ಹೋಗುತ್ತಿದ್ದರು, ಅದರಲ್ಲೇನೂ ವಿಶೇಷವಿಲ್ಲ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿದಾಗ ನನಗೆ ಹನ್ನೊಂದು ವರ್ಷ. ಅಜ್ಜಿ ರೇಡಿಯೋದ ಮುಂದೆ ಕುಳಿತು ಎರಡು ತಿಂಗಳು ಅತ್ತದ್ದು ನೆನಪಿದೆ. ಮಾವ ಇರಾಕಿನ ಮೂಲಕ ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ಏರ್ ಇಂಡಿಯಾದ ವಿಮಾನದಲ್ಲಿ ಬೊಂಬಾಯಿಗೆ ಇಳಿದರು. ಹಾಗೆ ಬಂದ ಭಾರತೀಯರು 1,70,000ಕ್ಕೂ ಹೆಚ್ಚು ಮಂದಿ. ಊರಿಗೆ ಬಂದವರು ಹತ್ತು ತಿಂಗಳೂ ನಿಲ್ಲಲಿಲ್ಲ. ತಂಗಿಯ ಮದುವೆಯ ಸಾಲ ಹಾಗೆಯೇ ಇತ್ತು, ಅಲ್ಲಿನ ಸಂಬಳ ಬಾಕಿ ಇತ್ತು. 1991ರ ಮಳೆಗಾಲದಲ್ಲಿ, ಯುದ್ಧ ಮುಗಿದ ಕೂಡಲೇ ಎಂಬಂತೆ, ಪುನಃ ಕುವೈತಿಗೆ ಹೋದರು. 1997ರಲ್ಲಿ ಎಲ್ಲ ಬಿಟ್ಟು ಬಂದರು. ಆಗ ಅವರಿಗೆ ಮೂವತ್ತಾರು.

ಬಂದವರು ಚಾವಡಿಯ ಆರಾಮ ಕುರ್ಚಿಯಲ್ಲಿ ಕುಳಿತರು. ಗಂಟು ಗಂಟು ನೋವು, ತಲೆನೋವು, ರಾತ್ರಿ ನಿದ್ರೆಯಿಲ್ಲ, ಹಗಲು ಬಚ್ಚುವುದು. ಅಂಗಳದಿಂದ ತೋಟಕ್ಕೆ ಹೋಗಿ ಬಂದರೆ ಎರಡು ದಿನ ಮಲಗಬೇಕು. ಮಾತಾಡುತ್ತಾ ಮಾತಾಡುತ್ತಾ ಶಬ್ದ ಸಿಗದೆ ನಿಲ್ಲುವರು. "ಅದು... ಅದು ಮಾರಾಯ, ಎಂತ ಹೇಳುವುದು ಅದಕ್ಕೆ" ಎಂದು ಕೈಯನ್ನು ಗಾಳಿಯಲ್ಲಿ ಆಡಿಸುವರು, ಹೇಳಬೇಕಾದ ಶಬ್ದ 'ಕೊಡೆ' ಎಂದೋ 'ಬೀಗ' ಎಂದೋ ಇರುತ್ತಿತ್ತು. ನಾವು ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದೆವು. ಮನೆಯ ಹಿರಿಯರು ನಗಲಿಲ್ಲ, ಆದರೆ ನಿಧಾನವಾಗಿ ಒಂದು ತೀರ್ಮಾನಕ್ಕೆ ಬಂದರು. ಗಲ್ಫಿನ ಸುಖ ಉಂಡವನಿಗೆ ಇಲ್ಲಿನ ಕೆಲಸ ಹಿಡಿಸುವುದಿಲ್ಲ ಎಂಬುದೇ ಆ ತೀರ್ಮಾನ. ಲಾರಿಯ ಸ್ಟೇರಿಂಗಿನ ಹಿಂದೆ ಐವತ್ತು ಡಿಗ್ರಿ ಬಿಸಿಲಿನಲ್ಲಿ ಕುಳಿತವನಿಗೆ ಎಂಥ ಸುಖ ಸಿಕ್ಕಿತ್ತೆಂದು ಯಾರೂ ಕೇಳಲಿಲ್ಲ.

2005ರಲ್ಲಿ ಅಜ್ಜಿಯ ವರ್ಷಾಂತಿಕದ ದಿನ, ಊಟವಾದ ಮೇಲೆ ಎಲ್ಲರೂ ಚಾವಡಿಯಲ್ಲಿದ್ದೆವು. ನಾನು ಬ್ಯಾಂಕಿಗೆ ಸೇರಿ ಎರಡು ವರ್ಷವಾಗಿತ್ತು. ಸಂಬಳ ತರುವವನ ಗತ್ತು ಬಂದಿತ್ತು. ಮಾವ ಆಗ ತಾನೇ ಮಾಡಿಸಿಕೊಂಡು ಬಂದಿದ್ದ ರಿಪೋರ್ಟನ್ನು ನನಗೆ ಓದಲು ಕೊಟ್ಟರು. ನಾನು ಓದಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಮಾವಾ, ಇದರಲ್ಲಿ ನಿಮಗೆ ಏನೂ ಇಲ್ಲ ಅಂತ ಉಂಟಲ್ಲ. ಮನಸ್ಸು ಮಾಡಿದರೆ ನೀವು ಎದ್ದು ನಿಲ್ಲಬಹುದು." ಮಾವ ಉತ್ತರಿಸಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲಿಯೇ ಮಡಚಿ, ಕವರಿಗೆ ಹಾಕಿದರು. ಅನಂತರ ಹದಿನೇಳು ವರ್ಷ ಅವರು ನನ್ನ ಎದುರು ನೋವಿನ ಮಾತು ಎತ್ತಲಿಲ್ಲ.

ಇದೆಲ್ಲ ಹಾಗೆಯೇ ಮರೆತು ಹೋಗುತ್ತಿತ್ತೋ ಏನೋ. 2022ರ ಡಿಸೆಂಬರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ತಂಗಿ ಅಮೆರಿಕದಿಂದ ರಜೆಯಲ್ಲಿ ಬಂದಿದ್ದರು. ಮಲಯಾಳಿ ಹೆಣ್ಣುಮಗಳು; ಅಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ನರ್ಸು. ಠೇವಣಿಯ ಕೆಲಸಕ್ಕೆಂದು ಬ್ಯಾಂಕಿಗೆ ಬಂದವರು ಮಧ್ಯಾಹ್ನ ನಮ್ಮೊಡನೆ ಊಟಕ್ಕೆ ಕುಳಿತರು. ಮಾತಿನ ನಡುವೆ, ನಿಮ್ಮಲ್ಲಿ ಎಂಥ ರೋಗಿಗಳು ಹೆಚ್ಚು ಎಂದು ಯಾರೋ ಕೇಳಿದೆವು. ಆಕೆ ಹೇಳತೊಡಗಿದರು: ಅರುವತ್ತರ ಹತ್ತಿರದ ಗಂಡಸರು, ಹೆಂಗಸರೂ ಇದ್ದಾರೆ, ಗಂಟುನೋವು, ಬಳಲಿಕೆ, ನಿದ್ರೆಯಿಲ್ಲ, ಹೊಟ್ಟೆ ಸರಿಯಿಲ್ಲ, ಮಾತಿಗೆ ಶಬ್ದ ಸಿಗುವುದಿಲ್ಲ, ಪರೀಕ್ಷೆ ಮಾಡಿದರೆ ಎಲ್ಲವೂ ಸರಿಯಾಗಿರುತ್ತದೆ. ನನ್ನ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ಅವರೆಲ್ಲ 1991ರ ಕೊಲ್ಲಿ ಯುದ್ಧಕ್ಕೆ ಹೋದವರು ಎಂದರು ಆಕೆ. "ಅಂಥವರು ಬಂದರೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ. ಎವಿಡೆಯಾಯಿರುನ್ನು? ಎಲ್ಲಿದ್ದಿರಿ, ಯಾವ ತಿಂಗಳು ಇದ್ದಿರಿ?"

ನಾನು ಮಾವನನ್ನು ಅದೊಂದನ್ನು ಯಾವತ್ತೂ ಕೇಳಿರಲಿಲ್ಲ.

ಆ ಮೇಲೆ ಈ ವಿಷಯವನ್ನು ಹುಡುಕಿ ಹುಡುಕಿ ಓದಿದೆ. ನಾನು ಬರಿಯ ಬಿ.ಎ.; ವೈದ್ಯಕೀಯದ ಗಂಧವಿಲ್ಲ. ಆದರೆ ಓದುತ್ತಾ ಹೋದಂತೆ ಇದು ವೈದ್ಯರದ್ದಷ್ಟೇ ಅಲ್ಲದೆ ಲೆಕ್ಕ ಬರೆಯುವವರ ಕಥೆಯೂ ಹೌದು ಅನ್ನಿಸಿತು. ಆದುದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಆ ಯುದ್ಧಕ್ಕೆ ಅಮೆರಿಕ ಕಳುಹಿಸಿದ ಸೈನಿಕರು ಸುಮಾರು 6,97,000. ಭೂಸೈನ್ಯದ ಹೋರಾಟ ನೂರು ಗಂಟೆಗಳಲ್ಲಿ, 1991ರ ಫೆಬ್ರವರಿ 28ಕ್ಕೆ ಮುಗಿಯಿತು. ಸತ್ತ ಅಮೆರಿಕದ ಸೈನಿಕರ ಸಂಖ್ಯೆ ಐನೂರನ್ನೂ ಮುಟ್ಟಲಿಲ್ಲ. ಇಷ್ಟು ಅಗ್ಗದ ಗೆಲುವು ಇನ್ನೊಂದಿಲ್ಲ ಎಂದು ಮೆರವಣಿಗೆಗಳಾದವು. ಮೆರವಣಿಗೆಯ ಬಣ್ಣದ ಕಾಗದ ಗುಡಿಸುವ ಮೊದಲೇ ಸೈನಿಕರು ಆಸ್ಪತ್ರೆಗೆ ಬರತೊಡಗಿದರು. ಹೋಗುವಾಗ ಹತ್ತು ಮೈಲು ಓಡಬಲ್ಲವರಾಗಿದ್ದ ಇಪ್ಪತ್ತೈದು ಮೂವತ್ತರ ಹುಡುಗರು ಈಗ ಮೆಟ್ಟಿಲು ಹತ್ತಲಾರರು. ವೈದ್ಯರು ತಮ್ಮ ಬಳಿಯಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದರು. ನಾರ್ಮಲ್.

ಇಂಥ ರೋಗ ಯುದ್ಧದಿಂದ ಬಂದವರಿಗೆ ಹೊಸತಲ್ಲ ಎಂದು ಚರಿತ್ರೆ ಬಲ್ಲ ವೈದ್ಯರು ಹೇಳಿದರು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಸುಸ್ತು ಕಂಡ ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲಿ ಅದನ್ನು ಸಿಡುಕಿನ ಹೃದಯ ಎಂಬರ್ಥದ ಹೆಸರಿನಿಂದ ಕರೆದ. ಮೊದಲ ಮಹಾಯುದ್ಧದಲ್ಲಿ ಅದು 'ಶೆಲ್ ಶಾಕ್' ಆಯಿತು. ಹಾಗಾದರೆ ಇದೂ ಮನಸ್ಸಿನ ಮೇಲಿನ ಒತ್ತಡವೇ ಇರಬೇಕು ಎಂಬುದು ಸರಳವಾಗಿ ಹೊಳೆಯುವ ಉತ್ತರ. ಅಧ್ಯಕ್ಷ ಕ್ಲಿಂಟನ್ ನೇಮಿಸಿದ ಸಮಿತಿಯು 1996ರ ಕೊನೆಯಲ್ಲಿ ಕೊಟ್ಟ ವರದಿಯಲ್ಲಿ, ಒತ್ತಡವು ಮುಖ್ಯವಾದ ಒಂದು ಕಾರಣವಾಗಿರಬಹುದೆಂದು ಹೇಳಿತು. ಸಮಿತಿಯವರು ಕೆಟ್ಟವರೆಂದು ನಾನು ಹೇಳಲಾರೆ. ಕಾರಣ ಕಾಣದಿದ್ದಾಗ ರೋಗಿಯ ಮನಸ್ಸಿನ ಕಡೆಗೆ ಬೆರಳು ಹೋಗುತ್ತದೆ; ನನ್ನ ಬೆರಳೂ ಚಾವಡಿಯಲ್ಲಿ ಅತ್ತಲೇ ಹೋಗಿತ್ತು. ಆದರೆ ಒಂದು ಮಾತು ಕೂಡಿಬರುತ್ತಿರಲಿಲ್ಲ. ನೂರು ಗಂಟೆಗಳ ಹೋರಾಟವನ್ನು ಕಣ್ಣಿನಿಂದಲೂ ನೋಡದ, ಹಿಂದಿನ ಸಾಲಿನಲ್ಲಿ ಅಡುಗೆ ಮಾಡಿದವರಿಗೂ ಟ್ರಕ್ಕು ರಿಪೇರಿ ಮಾಡಿದವರಿಗೂ ಈ ಕಾಯಿಲೆ ಏಕೆ ಬಂತು?

ನಮ್ಮಲ್ಲಿ ರಾತ್ರಿ ಲೆಕ್ಕ ಕೂಡದಿದ್ದರೆ, ಯಾವ ತಲೆಬರಹಕ್ಕೆ ಸೇರಿದ್ದೆಂದು ಗೊತ್ತಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಹಾಕುವುದು ತಪ್ಪಲ್ಲ. ಹಾಕಿ ಮರೆತರೆ ಮಾತ್ರ ಆಡಿಟಿನವರು ಬಿಡುವುದಿಲ್ಲ. ಅಮೆರಿಕದ ಸಂಸತ್ತು 1994ರಲ್ಲಿ ಹೀಗೆಯೇ ಮಾಡಿತು ಎನ್ನಬಹುದು. ಕೊಲ್ಲಿ ಯುದ್ಧದ ಸೈನಿಕನಿಗೆ ಹೆಸರು ಹಚ್ಚಲಾಗದ ಕಾಯಿಲೆ ಇದ್ದರೂ ಪರಿಹಾರ ಕೊಡಬಹುದೆಂದು ಕಾನೂನು ಮಾಡಿತು. ವೈದ್ಯ ಹೆಸರು ಬರೆಯದ ಕಾಯಿಲೆಗೆ ಸರಕಾರ ದುಡ್ಡು ಕೊಡುವ ಕಾನೂನು! ಓದಿದಾಗ ನನಗೆ ಅಚ್ಚರಿಯೂ ಗೌರವವೂ ಆಯಿತು. ಆದರೆ ಕಾನೂನು ಒಂದು, ಕೌಂಟರು ಇನ್ನೊಂದು. ಅಲ್ಲಿಯದೇ ಸರಕಾರಿ ಲೆಕ್ಕ ತಪಾಸಣೆಯ ಇಲಾಖೆ 2017ರಲ್ಲಿ ನೋಡಿದಾಗ, ಈ ಕಾಯಿಲೆಯ ಅರ್ಜಿಗಳಲ್ಲಿ ಮಂಜೂರಾದವು 100ಕ್ಕೆ 17 ಮಾತ್ರ ಎಂದು ತಿಳಿಯಿತು. ಬೇರೆ ಕಾಯಿಲೆಗಳ ಅರ್ಜಿಗಳಲ್ಲಿ 57.

ಇನ್ನು ಕಾರಣದ ಹುಡುಕಾಟ. ಇರಾಕಿನವರು ವಿಷಾನಿಲ ಹಾಕಿಯಾರು ಎಂಬ ಭಯದಿಂದ ಸೈನಿಕರಿಗೆ ಪಿರಿಡೋಸ್ಟಿಗ್ಮಿನ್ ಬ್ರೋಮೈಡ್ ಎಂಬ ಮಾತ್ರೆ ಕೊಟ್ಟಿದ್ದರು, 30 ಮಿಲಿಗ್ರಾಮಿನದು, ಎಂಟು ಗಂಟೆಗೊಂದು. ಸುಮಾರು 2,50,000 ಮಂದಿ ಅದನ್ನು ನುಂಗಿದರು. ಮಯಸ್ತೇನಿಯಾ ಎಂಬ, ಸ್ನಾಯುಗಳು ಸೋಲುವ ರೋಗಕ್ಕೆ ಅದು ಹಳೆಯ ಔಷಧಿ. ಆರೋಗ್ಯವಂತರಿಗೆ ವಿಷಾನಿಲದ ರಕ್ಷಣೆಗೆಂದು ಕೊಡಲು ಆಗ ಪರವಾನಿಗೆ ಇರಲಿಲ್ಲ. ಸೈನಿಕರ ಒಪ್ಪಿಗೆ ಕೇಳದೆ ಕೊಡಬಹುದೆಂದು ಅಲ್ಲಿನ ಔಷಧ ಇಲಾಖೆ ವಿನಾಯಿತಿ ನೀಡಿತು. ಯಾರು ಎಷ್ಟು ನುಂಗಿದರು ಎಂಬ ದಾಖಲೆಯನ್ನೂ ಸರಿಯಾಗಿ ಇಡಲಿಲ್ಲ. ಒಂದು ಚೆಕ್ಕು ಪುಸ್ತಕ ಕೊಡುವುದಕ್ಕೆ ಎರಡು ಕಡೆ ಸಹಿ ತೆಗೆದುಕೊಳ್ಳುವ ನನ್ನಂಥವನಿಗೆ ಇದು ಅರ್ಥವಾಗುವ ಮಾತಲ್ಲ.

ಇದರ ಜೊತೆಗೆ ಮರುಭೂಮಿಯ ನೊಣ, ಸೊಳ್ಳೆ, ಮರಳುನೊಣ. ಸಮವಸ್ತ್ರಕ್ಕೆ ಪರ್ಮೆಥ್ರಿನ್, ಮೈಗೆ ಡೀಟ್, ಡೇರೆಯೊಳಗೆ ತೂಗುಹಾಕಲು ಡೈಕ್ಲೋರ್ವಾಸಿನ ಪಟ್ಟಿ. ಈ ಡೈಕ್ಲೋರ್ವಾಸ್ ಒಂದು ಕಾಲದಲ್ಲಿ ನಮ್ಮ ಊರಿನ ಅಂಗಡಿಗಳಲ್ಲಿ ನುವಾನ್ ಎಂದು ಸಿಗುತ್ತಿದ್ದದ್ದೇ. ಕೆಲವು ಸೈನಿಕರು ನಾಯಿಯ ಕೊರಳಿಗೆ ಕಟ್ಟುವ ಚಿಗಟದ ಪಟ್ಟಿಯನ್ನು ತಾವೇ ಕಟ್ಟಿಕೊಂಡಿದ್ದರಂತೆ.

ಇವಕ್ಕೂ ವಿಷಾನಿಲಕ್ಕೂ ಏನು ಸಂಬಂಧ? ನನಗೆ ಅರ್ಥವಾದಷ್ಟು ಹೇಳುತ್ತೇನೆ. ನರವು ಸ್ನಾಯುವಿಗೆ 'ಬಿಗಿ' ಎಂದು ಅಪ್ಪಣೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅಪ್ಪಣೆ ತಲುಪಿದೊಡನೆ ಅದನ್ನು ಒರೆಸಿಹಾಕುವ ಒಂದು ಕಿಣ್ವ ಅಲ್ಲಿಯೇ ಕಾದಿರುತ್ತದೆ. ಶಾಲೆಯಲ್ಲಿ ಹಲಗೆ ಒರೆಸುವ ಹುಡುಗನಂತೆ. ಸಾರಿನ್ ಮುಂತಾದ ವಿಷಾನಿಲ ಮಾಡುವ ಕೆಲಸವೆಂದರೆ ಆ ಹುಡುಗನ ಕೈ ಕಟ್ಟುವುದು. ಅಪ್ಪಣೆ ಅಳಿಯುವುದಿಲ್ಲ, ಸ್ನಾಯು ಸೆಟೆಯುತ್ತದೆ, ಉಸಿರು ನಿಲ್ಲುತ್ತದೆ. ಸ್ವಾರಸ್ಯವೇನೆಂದರೆ, ಡೈಕ್ಲೋರ್ವಾಸಿನಂಥ ಕೀಟನಾಶಕಗಳೂ ಅದೇ ಕೈಯನ್ನು ಕಟ್ಟುತ್ತವೆ. ರಕ್ಷಣೆಗೆಂದು ಕೊಟ್ಟ ಮಾತ್ರೆಯೂ, ಸ್ವಲ್ಪ ಹೊತ್ತಿನ ಮಟ್ಟಿಗೆ, ಅದೇ ಕೈಯನ್ನು ಹಿಡಿಯುತ್ತದೆ. ಒಂದೊಂದನ್ನೇ ಪರೀಕ್ಷಿಸಿದವರು ಇಷ್ಟು ಪ್ರಮಾಣದಲ್ಲಿ ಅಪಾಯವಿಲ್ಲ ಎಂದಿದ್ದರು. 1996ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಅಬೂ ಡೋನಿಯಾ ಎಂಬ ವಿಜ್ಞಾನಿ ಕೋಳಿಗಳ ಮೇಲೆ ಪ್ರಯೋಗ ಮಾಡಿ, ಈ ಮಾತ್ರೆ, ಡೀಟ್, ಪರ್ಮೆಥ್ರಿನ್ ಮೂರನ್ನೂ ಒಟ್ಟಿಗೆ ಕೊಟ್ಟರೆ ನರಗಳಿಗೆ ಆಗುವ ಹಾನಿ ಒಂದೊಂದರದ್ದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದರು.

ಅದೇ 1996ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಯುದ್ಧ ಮುಗಿದ ಮೇಲೆ, 1991ರ ಮಾರ್ಚ್ 4 ಮತ್ತು 10ರಂದು, ದಕ್ಷಿಣ ಇರಾಕಿನ ಖಮೀಸಿಯಾ ಎಂಬಲ್ಲಿದ್ದ ಮದ್ದುಗುಂಡುಗಳ ಕೋಠಿಯನ್ನು ಅಮೆರಿಕದ ಸೈನಿಕರೇ ಸಿಡಿಸಿದ್ದರು. ಅಲ್ಲಿದ್ದ ರಾಕೆಟ್ಟುಗಳೊಳಗೆ ಸಾರಿನ್ ಮತ್ತು ಸೈಕ್ಲೋಸಾರಿನ್ ಇತ್ತೆಂಬುದು ಸಿಡಿಸಿದವರಿಗೆ ಗೊತ್ತಿರಲಿಲ್ಲ. ಐದು ವರ್ಷ, ವಿಷಾನಿಲ ಯಾರಿಗೂ ತಾಗಿಲ್ಲ ಎನ್ನುತ್ತಿದ್ದ ರಕ್ಷಣಾ ಇಲಾಖೆ ಆ ವರ್ಷದ ಜೂನಿನಲ್ಲಿ ಒಪ್ಪಿಕೊಂಡಿತು. ಅನಂತರ ಗಾಳಿಯ ದಿಕ್ಕಿನ ಲೆಕ್ಕ ಹಾಕಿ, ಸುಮಾರು 1,00,000 ಸೈನಿಕರು ಆ ಗಾಳಿಯ ದಾರಿಯಲ್ಲಿ ಇದ್ದಿರಬಹುದೆಂದು ಹೇಳಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕನ್ಸಾಸ್ ರಾಜ್ಯದ ಒಂದು ಸಮೀಕ್ಷೆ. ಯಾವ ದೊಡ್ಡ ಯಂತ್ರವೂ ಇಲ್ಲ. ಲೀ ಸ್ಟೀಲ್ ಎಂಬ ಸಂಶೋಧಕಿ ಸುಮಾರು 2,000 ಮಾಜಿ ಸೈನಿಕರನ್ನು ಪ್ರಶ್ನೆ ಕೇಳಿ, 2000ನೇ ಇಸವಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಯುದ್ಧಕ್ಕೆ ಹೋದವರಲ್ಲಿ 100ಕ್ಕೆ 34 ಮಂದಿಗೆ ಈ ಲಕ್ಷಣಗಳ ಗುಂಪು. ಅದೇ ಕಾಲದಲ್ಲಿ ಸೈನ್ಯದಲ್ಲಿದ್ದೂ ಅಲ್ಲಿಗೆ ಹೋಗದವರಲ್ಲಿ 8. ಎಲ್ಲಿದ್ದಿರಿ ಎಂದು ಕೇಳಿದಾಗ ಇನ್ನೂ ಬಿಚ್ಚಿಕೊಂಡಿತು. ಹಡಗಿನಲ್ಲಿಯೇ ಇದ್ದವರಲ್ಲಿ 21, ಇರಾಕ್ ಅಥವಾ ಕುವೈತಿನ ನೆಲಕ್ಕೆ ಕಾಲಿಟ್ಟವರಲ್ಲಿ 42. ಯಾರೋ ಕುಳಿತು ಎಲ್ಲಿದ್ದಿರಿ, ಯಾವಾಗ ಇದ್ದಿರಿ ಎಂದು ಕೇಳಿ ಬರೆದುಕೊಳ್ಳುವವರೆಗೆ, ಮನೋಬಲ ಇಲ್ಲದವರು ಎಂದು ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರಾಗಿ ಕುಳಿತಿದ್ದ ಜನ ಇವರು.

ಎಲ್ಲ ವೈದ್ಯರೂ ಒಂದೇ ಮಾತು ಹೇಳಿದರೆಂದು ತಿಳಿಯಬೇಡಿ. ಲಂಡನಿನ ಕಿಂಗ್ಸ್ ಕಾಲೇಜಿನ ತಂಡ 1999ರಲ್ಲಿ ಬ್ರಿಟಿಷ್ ಸೈನಿಕರನ್ನು ಬೋಸ್ನಿಯಾಕ್ಕೆ ಹೋದವರೊಡನೆ ಹೋಲಿಸಿತು. ಕೊಲ್ಲಿಗೆ ಹೋದವರಿಗೆ ನರಳಾಟ ಖಂಡಿತ ಹೆಚ್ಚು, ಆದರೆ ಲಕ್ಷಣಗಳು ಬೇರೆ ಯಾರಲ್ಲಿಯೂ ಕಾಣದಂಥವಲ್ಲ, ಆದುದರಿಂದ ಇದನ್ನು ಪ್ರತ್ಯೇಕ ರೋಗ ಎನ್ನಲಾಗದು ಎಂಬುದು ಅವರ ಅಭಿಪ್ರಾಯ. ಇವತ್ತಿಗೂ ಆ ವಾದ ಪೂರ್ತಿ ಮುಗಿದಿಲ್ಲ. ಆದರೆ 2008ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತಿನ ಆದೇಶದಂತೆ ರಚಿತವಾದ ಸಂಶೋಧನಾ ಸಲಹಾ ಸಮಿತಿ ದೊಡ್ಡ ವರದಿಯೊಂದನ್ನು ಕೊಟ್ಟು ಸ್ಪಷ್ಟವಾಗಿ ಹೇಳಿತು: ಈ ಕಾಯಿಲೆ ನಿಜ, ಹೋದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಇದೆ, ಮಾನಸಿಕ ಒತ್ತಡದಿಂದ ಬಂದದ್ದಲ್ಲ, ಆ ಮಾತ್ರೆಗೂ ಕೀಟನಾಶಕಗಳಿಗೂ ಇದರೊಡನೆ ಸಂಬಂಧವಿದೆ. ಹದಿನೇಳು ವರ್ಷ ಬೇಕಾಯಿತು, 'ನಿಜ' ಎಂಬ ಒಂದು ಶಬ್ದಕ್ಕೆ.

ಅನಂತರ 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಡಾ. ರಾಬರ್ಟ್ ಹೇಲಿ ಅವರ ತಂಡದ ಲೇಖನ ಬಂತು. ಇವರು ತೊಂಬತ್ತರ ದಶಕದಿಂದಲೇ ಇದರ ಬೆನ್ನು ಹಿಡಿದವರು. ನಮ್ಮ ದೇಹದಲ್ಲಿ ಪಾನ್-1 ಎಂಬ ಒಂದು ಜೀನು ಉಂಟು. ಸಾರಿನ್ ಮುಂತಾದುವನ್ನು ಒಡೆದು ಹಾಕುವ ಕಿಣ್ವವನ್ನು ತಯಾರಿಸುವುದು ಅದರ ಕೆಲಸ. ಅದರಲ್ಲಿ ಕ್ಯೂ ಮತ್ತು ಆರ್ ಎಂಬ ಎರಡು ಬಗೆ. ಕ್ಯೂ ಬಗೆ ಸಾರಿನ್ನನ್ನು ಚೆನ್ನಾಗಿ ಒಡೆಯುತ್ತದೆ, ಆರ್ ಬಗೆ ಅಷ್ಟಾಗಿ ಒಡೆಯಲಾರದು. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಬರುವುದರಿಂದ ಕೆಲವರಿಗೆ ಎರಡೂ ಕ್ಯೂ, ಕೆಲವರಿಗೆ ಎರಡೂ ಆರ್, ಉಳಿದವರಿಗೆ ಮಿಶ್ರ. ಕಾಯಿಲೆ ಇರುವ 508, ಇಲ್ಲದ 508 ಮಾಜಿ ಸೈನಿಕರ ರಕ್ತ ನೋಡಿ, ವಿಷಾನಿಲ ಬಂದಾಗ ಹೊಡೆದುಕೊಳ್ಳುವ ಎಚ್ಚರಿಕೆಯ ಗಂಟೆಯನ್ನು ನೀವು ಕೇಳಿದ್ದಿರಾ ಎಂದು ಪ್ರಶ್ನಿಸಿದರು. ಯುದ್ಧದ ಕಾಲದಲ್ಲಿ ಆ ಗಂಟೆಗಳು ಸಾವಿರಾರು ಸಲ ಹೊಡೆದಿದ್ದವು. ಸುಳ್ಳು ಗಂಟೆ ಎಂದು ಅಧಿಕಾರಿಗಳು ತಳ್ಳಿಹಾಕಿದ್ದರು. ಗಂಟೆ ಕೇಳಿದವರಲ್ಲಿ, ಎರಡೂ ಕ್ಯೂ ಇದ್ದವರಿಗೆ ಕಾಯಿಲೆಯ ಸಂಭವ 3.75 ಪಟ್ಟು, ಮಿಶ್ರದವರಿಗೆ 4.43 ಪಟ್ಟು, ಎರಡೂ ಆರ್ ಇದ್ದವರಿಗೆ 8.91 ಪಟ್ಟು ಏರಿತ್ತು. ಒಂದೇ ಡೇರೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬ ಏಕೆ ಬಿದ್ದ, ಇನ್ನೊಬ್ಬ ಏಕೆ ಗಟ್ಟಿಯಾಗಿ ಉಳಿದ ಎಂಬ ಹಳೆಯ ಕೊಂಕಿಗೆ ಇದೊಂದು ಉತ್ತರವಾಯಿತು. ಗಂಟೆ ಕೇಳಿದ ನೆನಪನ್ನು ಯಾರಾದರೂ ಕಟ್ಟಿಕೊಳ್ಳಬಹುದು, ಆದರೆ ತನ್ನ ರಕ್ತದ ಜೀನು ಯಾವುದೆಂದು ಸೈನಿಕನಿಗೆ ಗೊತ್ತಿರಲಿಲ್ಲವಲ್ಲ! ಗಂಟೆ ಕೇಳಿದ ಮಾತ್ರಕ್ಕೆ ವಿಷ ತಾಗಿತೆಂದು ಹೇಗೆ ಹೇಳುತ್ತೀರಿ ಎಂದು ಆಕ್ಷೇಪಿಸುವವರೂ ಇದ್ದಾರೆ, ಅದೂ ತಪ್ಪಲ್ಲ.

2025ರ ಅಕ್ಟೋಬರಿನಿಂದ ಅಮೆರಿಕದ ಆಸ್ಪತ್ರೆಗಳ ರೋಗಸೂಚಿಯಲ್ಲಿ ಈ ಕಾಯಿಲೆಗೆ ಪ್ರತ್ಯೇಕ ಸಂಕೇತ ಸಂಖ್ಯೆ ಬಂದಿದೆ. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ಕೋಡು ಇಲ್ಲದ ವೋಚರನ್ನು ಯಂತ್ರ ಸ್ವೀಕರಿಸುವುದಿಲ್ಲ ಎಂದು ದಿನವೂ ನೋಡುವ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಇಷ್ಟು ಓದುವಾಗ ಕಾಸರಗೋಡಿನವನಾದ ನನಗೆ ಗೇರುತೋಟಗಳ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರು ನೆನಪಾಗದೆ ಇರಲಿಲ್ಲ. ಎಂಡೋಸಲ್ಫಾನಿನ ಸಿಂಪಡಣೆ 2000ದವರೆಗೆ ನಡೆಯಿತು. ಪಡ್ರೆಯ ಮಕ್ಕಳ ಕಾಯಿಲೆಗಳನ್ನು ಮೊದಲು ಒಂದು ಕಡೆ ಬರೆದಿಟ್ಟವರು ಅಲ್ಲಿಯೇ ಇದ್ದ ಡಾ. ಮೋಹನ ಕುಮಾರರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ಪರಿಹಾರಕ್ಕೆ ಆದೇಶಿಸಿದ ತನಕದ ಕಥೆ ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾದದ್ದಿಲ್ಲ. ಎಂಡೋಸಲ್ಫಾನ್ ಬೇರೆ ಜಾತಿಯ ವಿಷ, ಅದು ನರವನ್ನು ಕಾಡುವ ದಾರಿಯೂ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು. ಆದರೆ 'ಅದಕ್ಕೂ ಇದಕ್ಕೂ ಸಂಬಂಧವಿಲ್ಲ' ಎಂಬ ಮಾತು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಒಂದೇ ಸ್ವರದಲ್ಲಿ ಕೇಳುತ್ತದೆ.

ನರ್ಸಮ್ಮ ಊಟಕ್ಕೆ ಬಂದು ಹೋದ ಮರು ಆದಿತ್ಯವಾರ ನಾನು ಮಾವನ ಮನೆಗೆ ಹೋದೆ. ಮಾವನಿಗೆ ಆಗ ಅರುವತ್ತೊಂದು. ಅದೇ ಆರಾಮ ಕುರ್ಚಿ, ಬಟ್ಟೆ ಮಾತ್ರ ಹೊಸತು. ಚಹಾ ಕುಡಿದು, ಅಡಿಕೆಯ ಧಾರಣೆ ಮಾತಾಡಿ, ಸುತ್ತಿ ಬಳಸಿ ಕೊನೆಗೆ ಕೇಳಿದೆ: "ಮಾವಾ, ಯುದ್ಧ ಮುಗಿದು ನೀವು ಎರಡನೆಯ ಸಲ ಹೋದಿರಲ್ಲ, ಕುವೈತಿನಲ್ಲಿ ಎಲ್ಲಿದ್ದಿರಿ?"

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಈಗ ಎಂತಕ್ಕೆ ಅದು?" ಎಂದರು. ಮತ್ತೆ ಹೇಳತೊಡಗಿದರು. ಎಣ್ಣೆಬಾವಿಗಳ ಬದಿಗೆ ನೀರು, ಸಾಮಾನು ಸಾಗಿಸುವ ಕೆಲಸ. ಇರಾಕಿನವರು ಹಿಂದೆ ಹೋಗುವಾಗ ಬೆಂಕಿ ಕೊಟ್ಟ 600ಕ್ಕೂ ಹೆಚ್ಚು ಬಾವಿಗಳು. ಕೊನೆಯದು ಆರಿದ್ದು 1991ರ ನವೆಂಬರಿನಲ್ಲಿ. "ಮಧ್ಯಾಹ್ನ ಹನ್ನೆರಡು ಗಂಟೆಗೆ ಹೆಡ್‌ಲೈಟು ಹಾಕಬೇಕು ಮಾರಾಯ. ಗಾಳಿ ತಿರುಗಿದರೆ ಸೂರ್ಯ ಇಲ್ಲ. ಗ್ಲಾಸಿನ ಮೇಲೆ ಕಪ್ಪು ಎಣ್ಣೆ ಸುರಿಯುತ್ತದೆ, ವೈಪರು ಹಾಕಿದರೆ ಇನ್ನೂ ಮೆತ್ತುತ್ತದೆ. ಮೂಗು ಸೀಟಿದರೆ ಕಪ್ಪು, ಉಗುಳಿದರೆ ಕಪ್ಪು. ಮಲಗುವ ಶೆಡ್ಡಿನಲ್ಲಿ ನೊಣಕ್ಕೆ ದಿನಾ ಮದ್ದು ಹೊಡೆಯುತ್ತಿದ್ದರು. ನಾವು ಹನ್ನೆರಡು ಮಂದಿ ಒಂದು ಶೆಡ್ಡಿನಲ್ಲಿ." ಒಂದು ಗಂಟೆ ಮಾತಾಡಿದರು. ನಡುವೆ ಶಬ್ದಕ್ಕಾಗಿ ನಿಂತಾಗ ನಾನು ನಗಲಿಲ್ಲ, ಹೇಳಿಕೊಡಲೂ ಇಲ್ಲ, ಸುಮ್ಮನೆ ಕಾದೆ. ಒಂದೊಂದು ಸಲ ಶಬ್ದ ಬಂತು, ಒಂದೊಂದು ಸಲ ಮಲಯಾಳದಲ್ಲಿ ಬಂತು.

ಮಾವನದು ಆ ಸೈನಿಕರ ಕಾಯಿಲೆಯೇ ಎಂದು ನಾನು ಹೇಳುತ್ತಿಲ್ಲ. ಅವರು ಸೈನಿಕರಲ್ಲ, ಆ ಮಾತ್ರೆ ನುಂಗಿದವರಲ್ಲ. ಖಮೀಸಿಯಾ ಸಿಡಿದಾಗ ಊರಿನಲ್ಲಿದ್ದವರು. 2008ರ ವರದಿಯೂ ಹೊಗೆಯ ವಿಷಯದಲ್ಲಿ, ಬೆಂಕಿಗೆ ತೀರ ಹತ್ತಿರವಿದ್ದವರ ಮಟ್ಟಿಗೆ ಇಲ್ಲವೆನ್ನಲಾಗದು ಎಂದಷ್ಟೇ ಹೇಳುತ್ತದೆ. ಬೇರೆ ಯಾವುದೋ ಕಾರಣವೂ ಇದ್ದೀತು. ಏಳು ಲಕ್ಷ ಸೈನಿಕರನ್ನು ಮೂವತ್ತು ವರ್ಷ ಹಿಂಬಾಲಿಸಿ ಪ್ರಶ್ನೆ ಕೇಳಿದ ಹಾಗೆ ಇರಾಕಿನ ಸೈನಿಕರನ್ನಾಗಲಿ, ಅದೇ ಹೊಗೆಯಲ್ಲಿ ಲಾರಿ ಓಡಿಸಿದ ಕುಂಬಳೆಯ ಡ್ರೈವರನನ್ನಾಗಲಿ ಯಾರೂ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಹೊರಡುವ ಮೊದಲು, ಅಮೆರಿಕದ ಸೈನಿಕರ ವಿಷಯ ಸ್ವಲ್ಪ ಹೇಳಿದೆ. ಮಾವ ಕಣ್ಣು ಮುಚ್ಚಿ ಕೇಳಿದರು. ನಿದ್ರೆ ಹೋದರೆಂದು ನಾನು ಏಳಲಿದ್ದಾಗ ಅವರ ಸ್ವರ ಬಂತು.

"ಅವರಿಗೂ ರಾತ್ರಿ ನಿದ್ರೆ ಬರುವುದಿಲ್ಲವಾ?"

"ಇಲ್ಲವಂತೆ ಮಾವ."

"ಶಬ್ದ ಸಿಗುವುದಿಲ್ಲವಾ?"

"ಅದೂ ಇಲ್ಲವಂತೆ."

"ಅವರ ರಿಪೋರ್ಟು?"

"ನಾರ್ಮಲ್."

ಮಾವ ನಕ್ಕರು. ಎಷ್ಟೋ ವರ್ಷದ ಮೇಲೆ ನಾನು ಕೇಳಿದ ನಗು. ಕುರ್ಚಿಯ ಕೈ ಹಿಡಿದು ಮೆಲ್ಲನೆ ಎದ್ದು ಒಳಗೆ ಹೋದರು. ಕಪಾಟು ತೆಗೆದ ಸದ್ದು ಕೇಳಿತು. ಬಂದಾಗ ಕೈಯಲ್ಲಿ ಆ ಕವರು ಇತ್ತು. ನನ್ನ ಮಡಿಲಲ್ಲಿ ಇಟ್ಟು, "ಪುರುಸೊತ್ತು ಉಂಟಾದರೆ ಇನ್ನೊಮ್ಮೆ ಓದು" ಎಂದರು.